ಎರಡು ದಿನ, ನಾಲ್ಕು ಹೊತ್ತು: ವಾರಾಂತ್ಯದ ಬೌಲ್ಡರಿಂಗ್‌ಗೆ ಜಾಗ ಆರಿಸುವುದು ಹೇಗೆ

ಶನಿವಾರ, ಭಾನುವಾರ ಎರಡು ದಿನ ಇದೆ ಎಂದುಕೊಂಡು ಹೊರಡುತ್ತೇವೆ. ಆದರೆ ಬಂಡೆ ಹತ್ತಲು ನಿಜವಾಗಿ ಸಿಗುವುದು ಎರಡು ಬೆಳಗ್ಗೆ, ಎರಡು ಸಂಜೆ. ನಡುಹಗಲಿನಲ್ಲಿ ನಮ್ಮ ಕಡೆಯ ಬಂಡೆ ಕಾದ ಹೆಂಚು. ಮುಟ್ಟಿದರೆ ಬೆರಳು ಬೆವರುತ್ತದೆ, ಬೆವರಿದರೆ ಹಿಡಿತ ಜಾರುತ್ತದೆ. ಭಾನುವಾರ ಸಂಜೆಗೇ ಊರಿಗೆ ಹೊರಡಬೇಕು ಅಂದರೆ ಉಳಿಯುವುದು ಮೂರೇ ಹೊತ್ತು. ಒಂದೊಂದು ಹೊತ್ತಿಗೆ ಎರಡು, ಎರಡೂವರೆ ಗಂಟೆ.

ಜಾಗ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ‘ಎಲ್ಲಿ ಒಳ್ಳೆಯ ಬಂಡೆ ಇದೆ?’ ಅನ್ನುವುದು ಎರಡನೇ ಪ್ರಶ್ನೆ. ‘ಈ ನಾಲ್ಕು ಹೊತ್ತಿನಲ್ಲಿ ಎಷ್ಟು ಹೊತ್ತು ನನ್ನ ಕೈ ಕಲ್ಲಿನ ಮೇಲಿರುತ್ತದೆ?’ ಅನ್ನುವುದು ಮೊದಲನೆಯದು.

ಹೊಸಬರಿಗೆ ಎರಡು ಮಾತು. ಬೌಲ್ಡರಿಂಗ್ ಅಂದರೆ ಹಗ್ಗವಿಲ್ಲದೆ ಗುಂಡುಬಂಡೆ ಹತ್ತುವುದು. ಸಾಮಾನ್ಯವಾಗಿ ಎತ್ತರ ನಾಲ್ಕೈದು ಮೀಟರ್‌ ಒಳಗೆ. ಬೇಕಾಗುವುದು ಬಿಗಿಯಾದ ಕ್ಲೈಂಬಿಂಗ್ ಶೂ, ಬೆವರು ಹೀರುವ ಚಾಕ್ ಪುಡಿ, ಬಿದ್ದರೆ ತಡೆಯಲು ದಪ್ಪ ಕ್ರ್ಯಾಶ್ ಪ್ಯಾಡ್. ಜೊತೆಗೆ ಕೆಳಗೆ ನಿಂತು ಕಾಯುವ ಗೆಳೆಯರು. ಒಂದು ಬಂಡೆಯ ಮೇಲಿನ ಒಂದು ದಾರಿಗೆ ‘ಪ್ರಾಬ್ಲಂ’ ಅನ್ನುತ್ತಾರೆ.

ಮೊದಲು ಹೊತ್ತು ಲೆಕ್ಕ ಹಾಕಿ

ಬೆಂಗಳೂರಿನಿಂದ ಹೊರಡುವ ನಾಲ್ವರ ಗುಂಪನ್ನೇ ತೆಗೆದುಕೊಳ್ಳಿ. ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಹಂಪಿ. ದೂರ ಸುಮಾರು 340 ಕಿಲೋಮೀಟರ್. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಆಟೊ ಹಿಡಿದು, ರೂಮಿಗೆ ಹೋಗಿ, ತಿಂಡಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಬಂಡೆ ಆಗಲೇ ಬಿಸಿ. ಶನಿವಾರದ ಬೆಳಗ್ಗೆ ಹೋಯಿತು. ಉಳಿದದ್ದು ಶನಿವಾರ ಸಂಜೆ, ಭಾನುವಾರ ಬೆಳಗ್ಗೆ, ರಾತ್ರಿ ರೈಲಾದರೆ ಭಾನುವಾರ ಸಂಜೆಯ ಸ್ವಲ್ಪ ಹೊತ್ತು.

ರಾಮನಗರ ಸುಮಾರು 50 ಕಿಲೋಮೀಟರ್. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟರೆ ಸೂರ್ಯ ಹುಟ್ಟುವಾಗ ಬಂಡೆಯ ಬುಡದಲ್ಲಿರುತ್ತೀರಿ. ಮಧ್ಯಾಹ್ನ ಊಟಕ್ಕೆ ಮನೆ. ಭಾನುವಾರ ಮತ್ತೆ ಅದೇ. ಲಾಡ್ಜ್ ಖರ್ಚಿಲ್ಲ, ನಿದ್ದೆಯೂ ಕೆಡುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬರೀ ಎರಡು ದಿನ ರಜೆ ಇದ್ದರೆ ಮನೆಯಿಂದ ಎರಡು, ಎರಡೂವರೆ ಗಂಟೆಯ ಒಳಗಿನ ಜಾಗ ಆರಿಸಿ. ಹಂಪಿಯನ್ನು ಮೂರು ದಿನದ ರಜೆಗೆ ಇಟ್ಟುಕೊಳ್ಳಿ. ಅದು ಅವಸರದಲ್ಲಿ ಮುಗಿಸುವ ಊರಲ್ಲ. ಹುಬ್ಬಳ್ಳಿ-ಧಾರವಾಡದವರಿಗೆ ಲೆಕ್ಕ ತಿರುಗುಮುರುಗು. ಅವರಿಗೆ ಬಾದಾಮಿ, ಹಂಪಿ ಎರಡೂ ಹತ್ತಿರ. ಬಳ್ಳಾರಿ, ಗಂಗಾವತಿಯವರಿಗಂತೂ ಹಂಪಿ ಮನೆಯ ಹಿತ್ತಲು.

ಇನ್ನೊಂದು ಲೆಕ್ಕ ಮರೆಯಬೇಡಿ. ಗಾಡಿ ನಿಲ್ಲಿಸಿದ ಜಾಗದಿಂದ ಬಂಡೆಗೆ ಎಷ್ಟು ನಡಿಗೆ? ಕ್ರ್ಯಾಶ್ ಪ್ಯಾಡ್ ಅಂದರೆ ಬೆನ್ನಿಗೆ ಹಾಸಿಗೆ ಕಟ್ಟಿಕೊಂಡ ಹಾಗೆ. ಕಲ್ಲುಗಳ ಸಂದಿಯಲ್ಲಿ, ಜಾಲಿ ಮುಳ್ಳಿನ ನಡುವೆ ಅದನ್ನು ಹೊತ್ತು ನಡೆಯುವುದು ಬರಿಗೈ ನಡಿಗೆಯಲ್ಲ. ಊರಿನವರು ‘ಇಲ್ಲೇ ಹತ್ತು ನಿಮಿಷ’ ಅಂದರೆ ನೀವು ಇಪ್ಪತ್ತು ಅಂದುಕೊಳ್ಳಿ.

ಜೊತೆಗೆ ಬರುವವರು ಯಾರು?

ಬೌಲ್ಡರಿಂಗ್ ಕಷ್ಟವನ್ನು ನಮ್ಮಲ್ಲಿ ಹೆಚ್ಚಾಗಿ ವಿ ಅಳತೆಯಲ್ಲಿ ಹೇಳುತ್ತಾರೆ. ಅಮೆರಿಕದ ಟೆಕ್ಸಾಸ್‌ನ ಹುಯೆಕೊ ಟ್ಯಾಂಕ್ಸ್‌ನಲ್ಲಿ ಹತ್ತುತ್ತಿದ್ದ ಜಾನ್ ಶರ್ಮನ್ ಅವರ ಅಡ್ಡಹೆಸರು ‘ವರ್ಮಿನ್’. ಅದರ ಮೊದಲ ಅಕ್ಷರವೇ ಈ ವಿ. ವಿ0 ಸುಲಭ, ವಿ17 ಅಂದರೆ ಅತಿ ಕಷ್ಟ. ಯುರೋಪಿನವರು ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋ ಕಾಡಿನ ಅಳತೆ ಬಳಸುತ್ತಾರೆ.

ಒಳಾಂಗಣ ಜಿಮ್ಮಿನಲ್ಲಿ ವಿ3 ಹತ್ತುವವರು ಹೊರಗಿನ ಗ್ರಾನೈಟಿನಲ್ಲಿ ವಿ1ಕ್ಕೇ ಒದ್ದಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಜಿಮ್ಮಿನಲ್ಲಿ ಹಿಡಿಯುವ ಜಾಗಕ್ಕೆ ಬಣ್ಣ ಹಚ್ಚಿರುತ್ತಾರೆ. ಇಲ್ಲಿ ಕಾಲಿಡುವ ಜಾಗವನ್ನು ನೀವೇ ಹುಡುಕಬೇಕು. ಹಾಗಾಗಿ ನಿಮ್ಮ ಜಿಮ್ ಗ್ರೇಡಿನಿಂದ ಎರಡು ಕಳೆದು, ಆ ಮಟ್ಟದ ಪ್ರಾಬ್ಲಂಗಳು ಜಾಸ್ತಿ ಇರುವ ಜಾಗ ಹುಡುಕಿ.

ಗುಂಪಿನಲ್ಲಿ ಒಬ್ಬರು ಹೊಸಬರಿದ್ದರೂ ಅವರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಜಾಗ ಆರಿಸಿ. ಒಂದು ದೊಡ್ಡ ಹೆಸರಿನ ಬಂಡೆಗಿಂತ, ಕೂಗಿದರೆ ಕೇಳುವ ದೂರದಲ್ಲಿ ಹತ್ತಾರು ಸಣ್ಣ ಬಂಡೆಗಳಿರುವ ಬಯಲು ಎಷ್ಟೋ ಮೇಲು. ಅನುಭವಿಗಳು ಅದೇ ಬಂಡೆಯ ಕಷ್ಟದ ಮುಖ ಹತ್ತುತ್ತಾರೆ, ಹೊಸಬರು ಸುಲಭದ ಮುಖ ಹತ್ತುತ್ತಾರೆ. ಗುಂಪು ಒಡೆಯುವುದಿಲ್ಲ. ಪ್ಯಾಡ್‌ಗಳೂ ಒಟ್ಟಿಗೇ ಇರುತ್ತವೆ.

ಕನಿಷ್ಠ ಮೂವರು, ಎರಡು ಪ್ಯಾಡ್. ಇದಕ್ಕಿಂತ ಕಡಿಮೆ ಇದ್ದರೆ ದೂರದ, ಜನ ಓಡಾಡದ ಜಾಗಕ್ಕೆ ಹೋಗಬೇಡಿ.

ಇಲ್ಲಿ ಹತ್ತಬಹುದಾ?

ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಯಾರದ್ದೂ ಅಲ್ಲದ ಬಂಡೆ ಇಲ್ಲ. ಸ್ಮಾರಕದ್ದು, ಅರಣ್ಯ ಇಲಾಖೆಯದ್ದು, ದೇವರದ್ದು, ಇಲ್ಲವೇ ಒಬ್ಬ ರೈತರದ್ದು.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನದಿಯ ಆಚೆ ದಡದ ಆನೆಗೊಂದಿ ಕೂಡ ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲೇ ಬರುತ್ತದೆ. ಮಂಟಪ, ಗೋಡೆ, ಕೆತ್ತನೆ ಇರುವ ಬಂಡೆ, ಮೆಟ್ಟಿಲು ಕಡಿದ ಬಂಡೆ, ಇವುಗಳ ಮೇಲೆ ಹತ್ತುವ ಯೋಚನೆಯೇ ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು ಆಗಬಹುದು. ಜೈಲಿನ ಮಾತು ಬಿಡಿ. ಐನೂರು ವರ್ಷದ ಹಿಂದೆ ಒಬ್ಬ ಉಳಿ ಹಿಡಿದು ಕೆತ್ತಿದ ಕಲ್ಲಿನ ಮೇಲೆ ನಮ್ಮ ಶೂ ತಿಕ್ಕುವುದು ತಪ್ಪು.

ಇನ್ನೂ ಸೂಕ್ಷ್ಮವಾದ ವಿಷಯ ಒಂದಿದೆ. ಆನೆಗೊಂದಿ ಹತ್ತಿರದ ಒನಕೆ ಕಿಂಡಿಯಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಆ ಸೀಮೆಯ ಬೆಟ್ಟಗಳಲ್ಲಿ ಬೇರೆ ಕಡೆಯೂ ಇಂಥವು ಸಿಗುತ್ತವೆ. ಕೆಂಪು, ಬಿಳಿ ಗೆರೆಯ ದನ, ಮನುಷ್ಯರು. ಇವು ಇರುವುದು ಮುಂದಕ್ಕೆ ಚಾಚಿದ ಬಂಡೆಯ ಅಡಿಯಲ್ಲಿ, ಮಳೆ ತಾಗದ ಕಡೆ. ನಾವು ಹತ್ತಲು ಹುಡುಕುವುದೂ ಅಂಥ ಜಾಗವನ್ನೇ. ಚಾಕ್ ಚೀಲ ಬಿಚ್ಚುವ ಮೊದಲು ಬಂಡೆಯ ಅಡಿಯನ್ನು ಚೆನ್ನಾಗಿ ನೋಡಿ. ಮಸುಕಾದ ಒಂದು ಕೆಂಪು ಗೆರೆ ಕಂಡರೂ ಆ ಬಂಡೆ ಬಿಟ್ಟುಬಿಡಿ.

ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿನ ಕಡಿದಾದ ಬಂಡೆಯ ಅಂಚಿನಲ್ಲೇ ಗೂಡು ಕಟ್ಟುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆ. ನಮ್ಮ ಒಂದು ಗಲಾಟೆಗೆ ಅವು ಗೂಡು ಬಿಟ್ಟರೆ ಆ ವರ್ಷದ ಮರಿಯೇ ಇಲ್ಲ. ಆ ಬೆಟ್ಟ ಹತ್ತುವವರ ಪಟ್ಟಿಯಲ್ಲಿ ಇರಲೇಬಾರದು. ಸುತ್ತಲಿನ ಬೇರೆ ಬೆಟ್ಟಗಳಿಗೂ ಅರಣ್ಯ ಇಲಾಖೆಯ ಹತ್ತಿರ ಕೇಳಿಯೇ ಹೋಗಿ. ಬೆಂಗಳೂರಿನ ತುರಹಳ್ಳಿ ಊರೊಳಗೇ ಇದ್ದರೂ ಕಾಡೇ. ಗೇಟಿನಲ್ಲಿ ಗಾರ್ಡ್ ಬೇಡ ಅಂದ ದಿನ ವಾಪಸ್ ಬನ್ನಿ.

ಹೊಲದ ಬದಿಯ ಬಂಡೆ ಆದರೆ ರೈತರನ್ನು ಕೇಳಿ. ‘ಯಜಮಾನ್ರೇ, ಈ ಗುಂಡಿನ ಹತ್ರ ಸ್ವಲ್ಪ ಹೊತ್ತು ಇರ್ತೀವಿ, ಪರವಾಗಿಲ್ವಾ?’ ಅಂದರೆ ಸಾಕು. ಬಹುಪಾಲು ಜನ ಬೇಡ ಅನ್ನುವುದಿಲ್ಲ. ಹೆಜ್ಜೇನು ಎಲ್ಲಿ ಕಟ್ಟಿದೆ, ಚಿರತೆ ಯಾವ ಕಡೆ ಓಡಾಡುತ್ತಿದೆ ಅನ್ನುವುದನ್ನೂ ಅವರೇ ಹೇಳುತ್ತಾರೆ. ಆನೆಗೊಂದಿ, ಸಾಣಾಪುರದ ಕಡೆ ಬಂಡೆಗೂ ರಸ್ತೆಗೂ ನಡುವೆ ಭತ್ತದ ಗದ್ದೆ. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಪ್ಯಾಡ್ ಎಳೆದುಕೊಂಡು ಹೋಗಿ ಪೈರು ಮುರಿಯಬೇಡಿ. ಬಂಡೆಗೆ ಕುಂಕುಮ, ಸುಣ್ಣದ ಪಟ್ಟೆ ಇದ್ದರೆ, ಬುಡದಲ್ಲಿ ಒಡೆದ ತೆಂಗಿನಕಾಯಿ ಚಿಪ್ಪು ಇದ್ದರೆ ಅದು ದೇವರ ಗುಂಡು. ಕೈಮುಗಿದು ಮುಂದೆ ಹೋಗಿ.

ಕಲ್ಲು ಯಾವುದು?

ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಲ್ಲಿನ ಕಲ್ಲಿಗೆ ಆ ಹೆಸರನ್ನೇ ಇಟ್ಟರು: ಕ್ಲೋಸ್‌ಪೇಟ್ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಇದು ಉತ್ತರಕ್ಕೆ ನೂರಾರು ಕಿಲೋಮೀಟರ್ ಉದ್ದದ ಪಟ್ಟಿಯಾಗಿ ತುಂಗಭದ್ರೆಯ ಕಡೆಗೆ ಸಾಗುತ್ತದೆ. ಅಂದರೆ ರಾಮನಗರದಲ್ಲಿ ಬೆರಳು ಪಳಗಿಸಿದವರಿಗೆ ಹಂಪಿಯ ಕಲ್ಲು ಅಪರಿಚಿತ ಅಲ್ಲ.

ಈ ಗ್ರಾನೈಟಿನ ಮೇಲ್ಮೈಯಲ್ಲಿ ಹರಳುಗಳು ಎದ್ದಿರುತ್ತವೆ. ಶೂಗೆ ಹಿಡಿತ ಚೆನ್ನ, ಚರ್ಮಕ್ಕೆ ಕಷ್ಟ. ಶನಿವಾರವೇ ಹುಮ್ಮಸ್ಸಿನಲ್ಲಿ ಒಂದೇ ಚೂಪು ಹಿಡಿತವನ್ನು ಮೂವತ್ತು ಸಲ ಎಳೆದರೆ ಭಾನುವಾರ ಬೆರಳ ತುದಿ ಕೆಂಪು, ಕೈಯಲ್ಲಿ ಕಾಫಿ ಲೋಟ ಹಿಡಿಯಲೂ ಉರಿ. ಎರಡು ದಿನದ ಪ್ರವಾಸಕ್ಕೆ ಎರಡು ಬಗೆಯ ಬಂಡೆ ಇರುವ ಜಾಗ ಬೇಕು. ಒಂದು ದಿನ ಬೆರಳಿನ ಕೆಲಸ, ಇನ್ನೊಂದು ದಿನ ಕಾಲಿನ ಕೆಲಸ, ಅಂದರೆ ಇಳಿಜಾರು ಸ್ಲ್ಯಾಬ್‌ಗಳು.

ಗ್ರಾನೈಟ್ ಬಂಡೆ ಈರುಳ್ಳಿಯ ಹಾಗೆ ಪದರ ಪದರವಾಗಿ ಕಳಚುತ್ತದೆ. ತೆಳು ಪದರದ ಅಂಚು ಹಿಡಿಯಲು ಬಲು ಚೆನ್ನ ಅನ್ನಿಸುತ್ತದೆ. ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಮಡಕೆ ತಟ್ಟಿದ ಹಾಗೆ ಟೊಳ್ಳು ಸದ್ದು ಬಂದರೆ ಅದನ್ನು ಎಳೆಯಬೇಡಿ.

ಬಾದಾಮಿಯದ್ದು ಮರಳುಗಲ್ಲು. ಬಣ್ಣವೂ ಬೇರೆ, ಗುಣವೂ ಬೇರೆ. ಅಲ್ಲಿ ಹೆಸರಾಗಿರುವುದು ಹಗ್ಗ ಕಟ್ಟಿ ಹತ್ತುವ ದಾರಿಗಳು. ಬೌಲ್ಡರಿಂಗ್‌ಗಾಗಿಯೇ ಹೊರಟವರಿಗೆ ನಾನು ಮೊದಲು ಹೇಳುವ ಊರಲ್ಲ ಅದು. ಮರಳುಗಲ್ಲು ನೀರು ಹೀರಿದರೆ ಮೆತ್ತಗಾಗುತ್ತದೆ, ಹಿಡಿತಗಳು ಮುರಿಯುತ್ತವೆ. ಮಳೆ ಬಂದ ಮೇಲೆ ಎರಡು ಮೂರು ದಿನ ಅದನ್ನು ಮುಟ್ಟಬಾರದು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಗ್ರಾನೈಟಿಗೆ ಅಷ್ಟು ತೊಂದರೆ ಇಲ್ಲ. ಒಳ್ಳೆ ಬಿಸಿಲು ಬಿದ್ದರೆ ಕೆಲವೇ ಗಂಟೆಯಲ್ಲಿ ಒಣಗುತ್ತದೆ.

ತಿಂಗಳು ಮತ್ತು ಬಿಸಿಲು

ನವೆಂಬರ್‌ನಿಂದ ಫೆಬ್ರುವರಿ. ಹಂಪಿ ಕಡೆಗಂತೂ ಡಿಸೆಂಬರ್, ಜನವರಿಯೇ ಸರಿಯಾದ ಕಾಲ. ಮಾರ್ಚ್ ಬಂದರೆ ಬೆಳಗಿನ ಹೊತ್ತು ಮಾತ್ರ, ಅದೂ ಬೇಗ ಮುಗಿಯುತ್ತದೆ.

ಡಿಸೆಂಬರ್‌ನಲ್ಲಿ ಒಂದು ಎಚ್ಚರ. ಹನುಮಮಾಲೆ ಧರಿಸಿದ ಭಕ್ತರು ಆ ತಿಂಗಳು ಅಂಜನಾದ್ರಿಗೆ ಸಾವಿರ ಸಾವಿರ ಸಂಖ್ಯೆಯಲ್ಲಿ ಬರುತ್ತಾರೆ. ಆ ವಾರ ಆನೆಗೊಂದಿ ರಸ್ತೆಯಲ್ಲಿ ಗಾಡಿ ಸಾಗುವುದೂ ಕಷ್ಟ. ಪಂಚಾಂಗದಲ್ಲಿ ಹನುಮದ್ವ್ರತದ ದಿನ ನೋಡಿಕೊಂಡು ಬೇರೆ ವಾರ ಹೋಗಿ. ಹಂಪಿ ಬದಿಯಲ್ಲಿ ರೂಮು ಮಾಡಿ ಆಚೆ ದಡದಲ್ಲಿ ಹತ್ತುವ ಯೋಚನೆಯೂ ಬೇಡ. ಸಂಜೆಯಾದರೆ ದೋಣಿ ನಿಲ್ಲುತ್ತದೆ, ರಸ್ತೆಯಲ್ಲಿ ಸುತ್ತಿ ಬರಬೇಕು. ಹತ್ತಲು ಒಳ್ಳೆಯ ಹೊತ್ತೇ ಸಂಜೆ, ಅಲ್ವಾ? ಹಳೆಯ ಬರಹಗಳಲ್ಲಿ ವಿರೂಪಾಪುರ ಗಡ್ಡೆಯ ಗೆಸ್ಟ್‌ಹೌಸ್‌ಗಳ ಹೆಸರು ಸಿಗುತ್ತದೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅವನ್ನು ತೆರವು ಮಾಡಿದರು. ಈಗ ಸಾಣಾಪುರ, ಆನೆಗೊಂದಿ ಕಡೆ ವಿಚಾರಿಸಿ.

ಬಂಡೆಯ ಮುಖ ಯಾವ ದಿಕ್ಕಿಗಿದೆ ಅನ್ನುವುದೂ ಮುಖ್ಯ. ಪಶ್ಚಿಮಕ್ಕೆ ಮುಖ ಮಾಡಿದ ಬಂಡೆಯನ್ನು ಬೆಳಗ್ಗೆ ಹತ್ತಿ, ಪೂರ್ವಕ್ಕೆ ಮುಖ ಮಾಡಿದ್ದನ್ನು ಸಂಜೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಉತ್ತರದ ಮುಖ ಹೆಚ್ಚು ಹೊತ್ತು ತಣ್ಣಗಿರುತ್ತದೆ. ಫೋನಿನ ಉಪಗ್ರಹ ನಕ್ಷೆಯಲ್ಲಿ ನೆರಳು ಬಿದ್ದ ಕಡೆ ನೋಡಿದರೆ ಎತ್ತರದ ಬಂಡೆ ಯಾವುದು, ಸುತ್ತ ಜಾಗ ಎಷ್ಟಿದೆ ಅನ್ನುವುದು ಮನೆಯಲ್ಲೇ ಸ್ವಲ್ಪ ಗೊತ್ತಾಗುತ್ತದೆ.

ನೆತ್ತಿ ನೋಡುವ ಮೊದಲು ಬುಡ ನೋಡಿ

ಜಾಗ ತಲುಪಿದಿರಿ. ಎದುರಿಗೆ ಚಂದದ ಬಂಡೆ. ಕೈ ತುರಿಸುತ್ತಿದೆ. ಈಗ ಶೂ ಹಾಕಬೇಡಿ. ಬಂಡೆಗೆ ಒಂದು ಪ್ರದಕ್ಷಿಣೆ ಬನ್ನಿ.

ಮೊದಲು ಹುಡುಕಬೇಕಾದದ್ದು ಇಳಿಯುವ ದಾರಿ. ಇದನ್ನು ನಾನು ಭಯಪಟ್ಟು ಕಲಿತೆ. ಆನೆಗೊಂದಿಯಲ್ಲಿ ಒಂದು ಸಂಜೆ ಮೂರಾಳೆತ್ತರದ ಒಂದು ಗುಂಡನ್ನು ಹತ್ತಿದೆ. ಹತ್ತುವಾಗ ಎಲ್ಲ ಸರಾಗ. ಮೇಲೆ ಹೋಗಿ ನೋಡಿದರೆ ನಾಲ್ಕೂ ಕಡೆ ನುಣುಪು. ಹತ್ತಿದ ದಾರಿಯಲ್ಲಿ ಇಳಿಯಲು ಕಾಲಿಡುವ ಜಾಗ ಕಾಣುತ್ತಿಲ್ಲ. ಕತ್ತಲಾಗುತ್ತಿತ್ತು. ಗೆಳೆಯರು ಹತ್ತಿರದ ಊರಿಗೆ ಹೋಗಿ ಗಟ್ಟಿ ಹಗ್ಗ ತಂದು, ಬಂಡೆಯ ಆಚೆ ಬದಿಯ ಮರಕ್ಕೆ ಕಟ್ಟಿ ನನ್ನತ್ತ ಎಸೆದರು. ಅದನ್ನು ಹಿಡಿದು ಇಳಿದಾಗ ಕೈಕಾಲು ನಡುಗುತ್ತಿತ್ತು. ಅವತ್ತಿನಿಂದ ಇಳಿಯುವ ದಾರಿ ಬೆರಳು ಮಾಡಿ ತೋರಿಸದವರನ್ನು ನಾನು ಹತ್ತಲು ಬಿಡುವುದಿಲ್ಲ. ಹಿಂಬದಿಯಲ್ಲಿ ಇಳಿಜಾರು, ಒರಗಿದ ಇನ್ನೊಂದು ಬಂಡೆ, ಗಟ್ಟಿ ಮರ, ಏನಾದರೂ ಒಂದು ಇರಲೇಬೇಕು.

ಎರಡನೆಯದು ಬೀಳುವ ಜಾಗ. ಬೌಲ್ಡರಿಂಗ್‌ನಲ್ಲಿ ಬೀಳುವುದು ಅಪಘಾತ ಅಲ್ಲ, ದಿನಕ್ಕೆ ನಲವತ್ತು ಸಲ ಆಗುವ ಕೆಲಸ. ಹಾಗಾಗಿ ನೆಲ ಸಮ ಇರಬೇಕು. ಮೊನಚು ಕಲ್ಲು, ಕತ್ತರಿಸಿದ ಜಾಲಿ ಬುಡ, ಎರಡು ಬಂಡೆಯ ನಡುವಿನ ಸಂದು, ಇವು ಇದ್ದರೆ ಪ್ಯಾಡ್ ಹಾಕಿದರೂ ಕಾಲು ಉಳುಕುತ್ತದೆ. ಸರಿಯಾಗಿ ಕೆಳಗೆ ಮಾತ್ರ ನೋಡಬೇಡಿ. ಮುಂದಕ್ಕೆ ಚಾಚಿದ ಬಂಡೆಯಲ್ಲಿ ಕೈ ಜಾರಿದರೆ ದೇಹ ಹಿಂದಕ್ಕೆ ಹಾರುತ್ತದೆ. ಎಲ್ಲಿ ಬೀಳಬಹುದೋ ಅಲ್ಲಿ ಪ್ಯಾಡ್ ಇರಬೇಕು. ಎರಡು ಪ್ಯಾಡ್ ಜೋಡಿಸಿದಾಗ ನಡುವೆ ಸಂದು ಬಿಡಬೇಡಿ. ಹೆಚ್ಚಿನ ಕಾಲು ಉಳುಕು ಆಗುವುದು ಆ ಸಂದಿನಲ್ಲೇ.

ಮೂರನೆಯದು ಹೆಜ್ಜೇನು. ಚಿರತೆ, ಕರಡಿಗಿಂತ ನನಗೆ ಇದರ ಭಯವೇ ಜಾಸ್ತಿ. ಹೆಜ್ಜೇನು ಗೂಡು ಕಟ್ಟುವುದು ದೊಡ್ಡ ಬಂಡೆಯ ಚಾಚಿನ ಅಡಿಯಲ್ಲಿ. ತಲೆ ಎತ್ತಿ ನೋಡಿ, ಪಕ್ಕದ ಬಂಡೆಗಳನ್ನೂ ನೋಡಿ. ಕಪ್ಪಗೆ ಅರ್ಧಚಂದ್ರದ ಹಾಗೆ ತೂಗುತ್ತಿದ್ದರೆ ಆ ಕಡೆ ಹೋಗಲೇಬೇಡಿ. ಸೆಂಟು ಹಾಕಬೇಡಿ, ಬೆಂಕಿ ಹಾಕಬೇಡಿ, ಜೋರು ಹಾಡು ಬೇಡ. ಅಕಸ್ಮಾತ್ ಎದ್ದರೆ ಸಾಮಾನು ಅಲ್ಲೇ ಬಿಟ್ಟು, ಮುಖ ಮುಚ್ಚಿಕೊಂಡು ಓಡಿ. ಕಾರೋ ಮನೆಯೋ ಸಿಗುವವರೆಗೂ ನಿಲ್ಲಬೇಡಿ.

ಹಾವು, ಚೇಳು ಇರುವುದು ಸಂದಿಯಲ್ಲಿ. ಕಣ್ಣಿಗೆ ಕಾಣದ ಸಂದಿಗೆ ಬೆರಳು ತೂರಿಸುವ ಮೊದಲು ಟಾರ್ಚ್ ಬಿಟ್ಟು ನೋಡಿ. ಪ್ಯಾಡ್ ಎತ್ತುವಾಗ ಅದರ ಅಡಿಯನ್ನೂ ನೋಡಿ. ಹಂಪಿಯ ಹತ್ತಿರ ದರೋಜಿ ಕರಡಿಧಾಮವೇ ಇದೆ. ಆ ಸೀಮೆಯ ಬೆಟ್ಟಗಳಲ್ಲಿ ಚಿರತೆಯೂ ಉಂಟು. ಕತ್ತಲು ಕವಿಯುವ ಮೊದಲೇ ಬಂಡೆ ಬಿಟ್ಟು ರಸ್ತೆ ಸೇರಿ. ಗವಿಯಂಥ ಜಾಗದಲ್ಲಿ ಹಿಕ್ಕೆ, ಮೂಳೆ, ಕೆಟ್ಟ ವಾಸನೆ ಇದ್ದರೆ ಅದು ಯಾರದ್ದೋ ಮನೆ.

ಕೆಳಗೆ ನಿಲ್ಲುವವರ ಕೆಲಸ ಎತ್ತಿ ಹಿಡಿಯುವುದಲ್ಲ. ಬೀಳುವವರ ತಲೆ, ಬೆನ್ನು ಕಲ್ಲಿಗೆ ತಾಗದಂತೆ ಪ್ಯಾಡಿನ ಕಡೆ ತಿರುಗಿಸುವುದು. ಬೀಳುವವರು ಮಂಡಿ ಮಡಚಿ ಇಳಿದು ಉರುಳಬೇಕು. ಕೈ ಹಿಂದಕ್ಕೆ ಊರಿದರೆ ಮಣಿಕಟ್ಟು ಮುರಿಯುತ್ತದೆ.

ಏನಾದರೂ ಆದರೆ

ಹೋಗುವ ಮೊದಲು ಎರಡು ವಿಷಯ ಕಾಗದದಲ್ಲಿ ಬರೆದುಕೊಳ್ಳಿ. ಹತ್ತಿರದ, ಎಕ್ಸ್‌ರೇ ಇರುವ ಆಸ್ಪತ್ರೆ ಯಾವ ಊರಲ್ಲಿದೆ? ಆಂಬ್ಯುಲೆನ್ಸ್ ಯಾವ ಜಾಗದವರೆಗೆ ಬರಬಹುದು? 108ಕ್ಕೆ ಫೋನ್ ಮಾಡಿದಾಗ ‘ಬಂಡೆಗಳ ಹತ್ತಿರ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ಹತ್ತಿರದ ಗುಡಿ, ಶಾಲೆ, ಬಸ್ ನಿಲ್ದಾಣದ ಹೆಸರು ಹೇಳಬೇಕು. ಆನೆಗೊಂದಿ ಕಡೆ ಇದ್ದರೆ ಗಂಗಾವತಿ, ಹಂಪಿ ಕಡೆ ಇದ್ದರೆ ಹೊಸಪೇಟೆ. ಬಂಡೆಗಳ ನಡುವೆ ಸಿಗ್ನಲ್ ಇರುವ ಜಾಗ ಯಾವುದು ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ.

ನಡುಹಗಲಿನ ಬಿಡುವಿನಲ್ಲಿ ತುಂಗಭದ್ರೆಗೆ ಇಳಿಯುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸೆಳೆತ ಇದೆ, ಮೊಸಳೆಯೂ ಇದೆ.

ಯಾರಿಗೆ ಯಾವ ಜಾಗ

ಬೆಂಗಳೂರಿನ ಹೊಸಬರಿಗೆ ಮೊದಲ ವಾರ ತುರಹಳ್ಳಿ. ಒಂದು ಬೆಳಗ್ಗೆ ಸಾಕು, ಮನೆಗೆ ಬಂದು ತಿಂಡಿ ತಿನ್ನಬಹುದು. ಅದಕ್ಕೂ ಮೊದಲು ಕಂಠೀರವ ಕ್ರೀಡಾಂಗಣದ ಗೋಡೆಯಲ್ಲಿ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು. ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ನಡೆಸುವ ಶಿಲಾರೋಹಣ ತರಬೇತಿಯಲ್ಲಿ ಹಗ್ಗದ ಕೆಲಸವನ್ನೂ ಕಲಿಯಬಹುದು.

ಸ್ವಲ್ಪ ಪಳಗಿದ ನಾಲ್ವರಿಗೆ, ಎರಡು ದಿನಕ್ಕೆ, ನನ್ನ ಆಯ್ಕೆ ಕೋಲಾರ ಜಿಲ್ಲೆಯ ಆವಣಿ. ಮುಳಬಾಗಿಲು ತಾಲೂಕಿನಲ್ಲಿದೆ, ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಬೆಟ್ಟದ ಮೈತುಂಬ ಗುಂಡುಬಂಡೆಗಳು, ಜನ ಕಡಿಮೆ. ಕೆಳಗಿನ ರಾಮಲಿಂಗೇಶ್ವರ ಗುಡಿಗಳ ಗುಂಪಿನಿಂದ, ಬೆಟ್ಟದ ಮೇಲೆ ಭಕ್ತರು ನಡೆಯುವ ದಾರಿಯಿಂದ ದೂರ ಇರಿ. ರಾಮನಗರ ಹಗ್ಗದ ಕ್ಲೈಂಬಿಂಗ್‌ಗೇ ಹೆಚ್ಚು ಹೆಸರಾದ ಊರು. ಗುಂಪಿನಲ್ಲಿ ಹಗ್ಗದವರೂ ಇದ್ದರೆ ಆಗ ಅದು ಸರಿ. ಮೂರು ದಿನ ಸಿಕ್ಕರೆ, ಡಿಸೆಂಬರ್ ಅಥವಾ ಜನವರಿ ಆದರೆ, ಹಿಂದೆ ಮುಂದೆ ನೋಡದೆ ಆನೆಗೊಂದಿ.

ಯಾವ ಜಾಗ ಆರಿಸಿದರೂ ಇನ್ನೊಂದನ್ನು ಮೀಸಲು ಇಟ್ಟುಕೊಳ್ಳಿ. ಗುರುವಾರ ರಾತ್ರಿ ಹವಾಮಾನ ನೋಡಿ, ಅಲ್ಲಿನ ಚಹಾ ಅಂಗಡಿಯವರದ್ದೋ ರೂಮಿನವರದ್ದೋ ನಂಬರ್ ಇದ್ದರೆ ಒಂದು ಫೋನ್ ಮಾಡಿ. ಮಳೆ ಬಂತಾ, ಜಾತ್ರೆ ಇದೆಯಾ, ಚಿರತೆ ಕಂಡಿತಾ? ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಶುಕ್ರವಾರ ಬೆಳಗ್ಗೆಯೇ ಮೀಸಲು ಜಾಗಕ್ಕೆ ಬದಲಾಯಿಸಿ. ಚೀಲಕ್ಕೆ ನೈಲಾನ್ ಬ್ರಷ್ ಒಂದು ಹಾಕಿಕೊಳ್ಳಿ, ತಂತಿ ಬ್ರಷ್ ಬೇಡ, ಅದು ಕಲ್ಲನ್ನೇ ಕೆರೆಯುತ್ತದೆ. ಭಾನುವಾರ ಹೊರಡುವ ಮೊದಲು ಹತ್ತು ನಿಮಿಷ ಇಟ್ಟುಕೊಂಡು ನಿಮ್ಮ ಬಿಳಿ ಚಾಕ್ ಗುರುತುಗಳನ್ನೆಲ್ಲ ಉಜ್ಜಿ ತೆಗೆಯಿರಿ. ನಿನ್ನೆ ಅನುಮತಿ ಕೊಟ್ಟ ಗದ್ದೆಯ ಯಜಮಾನರು ಸಿಕ್ಕರೆ ಹೊರಟಿದ್ದೇವೆ ಅಂತ ಹೇಳಿ ಬನ್ನಿ.